ಹತ್ತು ವರ್ಷದ ಹುಡುಗ ಲಂಡನ್‌ನಿಂದ ಒಬ್ಬನೇ ಕೆನಡಾದ ಫಾರ್ಮ್‌ಗೆ ಬಂದಿದ್ದು ಯಾಕೆ?

ಪ್ರಶ್ನೆ: ನಾವು ಒಂಟಾರಿಯೊದಲ್ಲಿ ಬಾಡಿಗೆ ಮನೇಲಿದೀವಿ. ಕೆಳಗಡೆ ಓನರ್ ಅಜ್ಜಿ ಒಬ್ರೇ ಇರ್ತಾರೆ, ಎಂಬತ್ತು ದಾಟಿದೆ. ಮಾತಿಗೆ ಮಾತು ಬಂದು ಒಂದಿನ ಹೇಳಿದ್ರು, ಅವರಪ್ಪ ಹತ್ತು ವರ್ಷದವರಿದ್ದಾಗ 1911ರಲ್ಲಿ ಲಂಡನ್‌ನಿಂದ ಹಡಗಲ್ಲಿ ಬಂದು ಯಾರದೋ ಫಾರ್ಮ್‌ನಲ್ಲಿ ಬೆಳೆದ್ರಂತೆ, ಜೊತೆಗೆ ಮನೆಯವರು ಅಂತ ಯಾರೂ ಇರ್ಲಿಲ್ವಂತೆ. ಊರಲ್ಲೆಲ್ಲ ಬರ್ನಾರ್ಡೊ ಹುಡುಗ ಅಂತ ಕರೀತಿದ್ರಂತೆ. ಸಾಯೋವರೆಗೂ ಆ ವಿಷಯ ಬಾಯಿ ಬಿಡಲಿಲ್ಲ, ಅನಾಥ ಅನ್ನೋದಷ್ಟೇ ಅಜ್ಜಿಗೆ ಗೊತ್ತು. ಈ ಮಕ್ಕಳೆಲ್ಲ ನಿಜವಾಗ್ಲೂ ಅನಾಥರಾ? ಫಾರ್ಮ್‌ನವರು ದತ್ತು ತಗೊಂಡಿದ್ದಾ ಅಥವಾ ಒಂಥರಾ ಜೀತಾನಾ? ಇಷ್ಟು ಚಿಕ್ಕ ಮಕ್ಕಳನ್ನ ಕಳ್ಸೋಕೆ ಸರ್ಕಾರದೋರು ಹೇಗೆ ಬಿಟ್ರು? ಅಜ್ಜಿಗೆ ಅವರಪ್ಪನ ಬಗ್ಗೆ ಏನಾದ್ರೂ ಹುಡುಕಿ ಕೊಡೋಕಾಗುತ್ತಾ?

ಉತ್ತರ: ಮೊದಲು ನೇರವಾಗಿ ಹೇಳಿಬಿಡ್ತೀನಿ, ಆಮೇಲೆ ಬಿಡಿಸಿ ಬರೀತೀನಿ. ಆ ಮಕ್ಕಳಲ್ಲಿ ಬಹುಪಾಲು ಮಕ್ಕಳಿಗೆ ಅಪ್ಪನೋ ಅಮ್ಮನೋ ಯಾರಾದ್ರೊಬ್ರು ಬದುಕಿದ್ರು, ಸಾಮಾನ್ಯವಾಗಿ ಅಮ್ಮ. ಫಾರ್ಮ್‌ನವರು ಮಾಡಿದ್ದನ್ನ ದತ್ತು ಅನ್ನೋಕಾಗಲ್ಲ, ಕರಾರು ಪತ್ರಕ್ಕೆ ಸಹಿ ಹಾಕಿ ಕೆಲಸಕ್ಕೆ ಇಟ್ಕೊಂಡಿದ್ದು ಅಷ್ಟೇ. ಸರ್ಕಾರ ಹೇಗೆ ಬಿಡ್ತು ಅಂತ ಕೇಳಿದ್ರಲ್ಲ, ಬಿಡೋದೇನು, ಬಡ ಮಕ್ಕಳನ್ನ ಸಾಕೋ ಬ್ರಿಟನ್‌ನ ಸಂಸ್ಥೆಗಳು ಕರ್ಕೊಂಡು ಬರೋ ಒಂದೊಂದು ಮಗುವಿಗೆ ಎರಡು ಡಾಲರ್ ಅಂತ ಕೆನಡಾ ಸರ್ಕಾರವೇ ಪ್ರೋತ್ಸಾಹಧನ ಕೊಡ್ತಿತ್ತು. ಇನ್ನು ದಾಖಲೆ ವಿಷಯ, ಬರ್ನಾರ್ಡೊ ಅನ್ನೋ ಅಂಥಾ ಒಂದು ಲಂಡನ್ ಸಂಸ್ಥೆ ಮೂಲಕ ಬಂದವರು ಅನ್ನೋದು ಗೊತ್ತಿರೋದ್ರಿಂದ ಅಜ್ಜಿಗೆ ಏನಾದ್ರೂ ಸಿಗೋ ಸಾಧ್ಯತೆ ತುಂಬಾ ಚೆನ್ನಾಗಿದೆ. ಅದನ್ನ ಕೊನೇಲಿ ವಿವರವಾಗಿ ಬರ್ದಿದೀನಿ, ಅವಸರ ಇದ್ರೆ ಮೊದಲು ಅದನ್ನೇ ಓದಿ.

ಈ ಮಕ್ಕಳನ್ನ ಕೆನಡಾದಲ್ಲಿ ಹೋಮ್ ಚಿಲ್ಡ್ರನ್ ಅಂತಾರೆ, ಅಂದ್ರೆ ಇಂಥಾ ಸಂಸ್ಥೆಗಳ ಹೋಮ್‌ಗಳಿಂದ ಬಂದ ಮಕ್ಕಳು. 1869ರಲ್ಲಿ ಮರಿಯಾ ರೈ ಅನ್ನೋ ಹೆಂಗಸು ಇಂಗ್ಲೆಂಡ್‌ನಿಂದ ಹೆಣ್ಣುಮಕ್ಕಳ ಒಂದು ಗುಂಪನ್ನ ಕರ್ಕೊಂಡು ಬಂದು ನಯಾಗರ-ಆನ್-ದ-ಲೇಕ್ ಊರಲ್ಲಿ ಇಳಿಸಿದ್ಲು. ಅಲ್ಲಿ ಹಳೇ ಕೋರ್ಟು ಮತ್ತೆ ಜೈಲು ಇದ್ದ ಕಟ್ಟಡವನ್ನ ರಿಪೇರಿ ಮಾಡಿಸಿ ಅದಕ್ಕೆ 'ನಮ್ಮ ಪಶ್ಚಿಮದ ಮನೆ' ಅನ್ನೋ ಅರ್ಥದ ಹೆಸರಿಟ್ಟಿದ್ಲು. ಮಾರನೇ ವರ್ಷ ಆನ್ನಿ ಮ್ಯಾಕ್‌ಫರ್ಸನ್, ಆಕೆಯ ಸೆಂಟರ್ ಬೆಲ್‌ವಿಲ್‌ನಲ್ಲಿ. ಥಾಮಸ್ ಬರ್ನಾರ್ಡೊ ತನ್ನದೇ ಗುಂಪುಗಳನ್ನ ಕಳ್ಸೋಕೆ ಶುರು ಮಾಡಿದ್ದು 1882ರಲ್ಲಿ, ತಡವಾಗಿ ಬಂದ್ರೂ ಎಲ್ಲರಿಗಿಂತ ಜಾಸ್ತಿ ಕಳಿಸಿದ್ದು ಅವನ ಸಂಸ್ಥೆಯೇ, ಸುಮಾರು 30,000 ಮಕ್ಕಳು. ಇವರ ಜೊತೆ ಕ್ಯಾಥೊಲಿಕ್ ಸಂಸ್ಥೆಗಳು, ಸ್ಕಾಟ್ಲೆಂಡ್‌ನ ಕ್ವಾರಿಯರ್ಸ್, ಬರ್ಮಿಂಗ್‌ಹ್ಯಾಮ್‌ನ ಮಿಡಲ್‌ಮೋರ್, ಫೇಗನ್, ಸಾಲ್ವೇಶನ್ ಆರ್ಮಿ ಹೀಗೆ ಹತ್ತಾರು ಸಂಸ್ಥೆಗಳು ಸೇರಿ 1930ರ ದಶಕದವರೆಗೆ ಕೆನಡಾಗೆ ಒಂದು ಲಕ್ಷಕ್ಕೂ ಹೆಚ್ಚು ಮಕ್ಕಳನ್ನ ಕಳಿಸಿದ್ವು. ಇವತ್ತಿನ ಕೆನಡಿಯನ್ನರಲ್ಲಿ ಹತ್ತರಲ್ಲಿ ಒಬ್ಬರಾದ್ರೂ ಈ ಮಕ್ಕಳ ವಂಶದವರು ಅನ್ನೋ ಅಂದಾಜಿದೆ, ಅಂದ್ರೆ ನಿಮ್ಮ ಆಫೀಸಲ್ಲೂ ಒಬ್ರಿಬ್ಬರು ಇದ್ದೇ ಇರ್ತಾರೆ, ಅವರಿಗೇ ಗೊತ್ತಿಲ್ದೇ ಇರಬಹುದು.

ಲಂಡನ್ ಕಡೆ ಪರಿಸ್ಥಿತಿ ಹೇಗಿತ್ತು ಅಂತ ಗೊತ್ತಿಲ್ದೆ ಇದು ಅರ್ಥ ಆಗಲ್ಲ. 1866ರಲ್ಲಿ ಈಸ್ಟ್ ಎಂಡ್ ಅನ್ನೋ ಲಂಡನ್‌ನ ಬಡವರ ಭಾಗದಲ್ಲಿ ಕಾಲರಾ ಬಂದು ಸಾವಿರಾರು ಜನ ಸತ್ರು, ಅದೇ ಹೊತ್ತಿಗೆ ಥೇಮ್ಸ್ ದಂಡೆಯ ಹಡಗು ಕಟ್ಟೋ ಕೆಲಸ ಬಿದ್ದುಹೋಯ್ತು. ಡಾಕ್ಟರ್ ಓದೋಕೆ ಅಂತ ಡಬ್ಲಿನ್‌ನಿಂದ ಬರ್ನಾರ್ಡೊ ಲಂಡನ್‌ಗೆ ಬಂದಿದ್ದೂ ಅದೇ ವರ್ಷ. ಗಂಡ ಸತ್ತ ಹೆಂಗಸಿಗೆ ಪೆನ್ಶನ್ ಇಲ್ಲ, ಕಾಯಿಲೆ ಬಿದ್ರೆ ವಿಮೆ ಇಲ್ಲ, ಸರ್ಕಾರಿ ದಾರಿ ಅಂದ್ರೆ ಹೆಚ್ಚಾಗಿ ವರ್ಕ್‌ಹೌಸ್, ಅಂದ್ರೆ ದಿಕ್ಕಿಲ್ಲದ ಬಡವರನ್ನ ಇಟ್ಟು ಕೆಲಸ ಮಾಡಿಸೋ ಜಾಗ, ಅಲ್ಲಿಗೆ ಹೋದ್ರೆ ತಾಯಿ ಬೇರೆ ಮಕ್ಕಳು ಬೇರೆ ಮಾಡಿ ಇಡ್ತಿದ್ರು. ಹೀಗಿದ್ದಾಗ ನಾಲ್ಕೈದು ಮಕ್ಕಳಿರೋ ವಿಧವೆ ಒಬ್ಬಳು ಇಬ್ಬರನ್ನ ಬರ್ನಾರ್ಡೊ ಮನೇಲಿ ಬಿಟ್ಟು, ಸ್ವಲ್ಪ ಸುಧಾರಿಸ್ಕೊಂಡ ಮೇಲೆ ಕರ್ಕೊಂಡು ಹೋಗ್ತೀನಿ ಅಂತ ಅಂದ್ಕೊಳ್ಳೋದು ಸಹಜವೇ. ಬರ್ನಾರ್ಡೊ ಬಾಗಿಲಿಗೆ ದಿಕ್ಕಿಲ್ಲದ ಯಾವ ಮಗುವನ್ನೂ ವಾಪಸ್ ಕಳಿಸಲ್ಲ ಅಂತ ಬೋರ್ಡೇ ಹಾಕಿದ್ದ. ಒಳ್ಳೇ ಮಾತೇ, ಆದ್ರೆ ದಿನಾ ಮಕ್ಕಳು ಬರ್ತಾನೇ ಇದ್ರೆ ಜಾಗ ಎಲ್ಲಿಂದ ತರೋದು, ದುಡ್ಡು ಎಲ್ಲಿಂದ ತರೋದು. ಮುಂದಿನ ಬಾಗಿಲು ತೆರೆದಿರ್ಬೇಕಾದ್ರೆ ಹಿಂದಿನ ಬಾಗಿಲೂ ಇರ್ಬೇಕು ಅನ್ನೋದು ಅವನ ವಾದ, ಆ ಹಿಂದಿನ ಬಾಗಿಲೇ ಕೆನಡಾ. ಒಂದು ಮಗುವನ್ನ ಲಂಡನ್‌ನಲ್ಲಿ ವರ್ಷಾನುಗಟ್ಟಲೆ ಸಾಕೋದಕ್ಕಿಂತ ಒಂದೇ ಸಲ ಹಡಗಿನ ಟಿಕೆಟ್ ಕೊಡಿಸೋದು ಅಗ್ಗ, ಈ ಲೆಕ್ಕ ಎಲ್ಲಾ ಸಂಸ್ಥೆಗಳ ತಲೇಲೂ ಇತ್ತು. ಜೊತೆಗೆ ಹೊಗೆ ತುಂಬಿದ ನಗರದ ಕೆಟ್ಟ ಸಹವಾಸ ಬಿಡಿಸಿ ಹಳ್ಳಿ ಗಾಳಿ, ಹಾಲು, ದೇವರ ಭಯ ಇರೋ ಮನೆ ಕೊಟ್ರೆ ಮಗು ಉದ್ಧಾರ ಆಗುತ್ತೆ ಅಂತ ಅವರು ಮನಸಾರೆ ನಂಬಿದ್ರು, ಅದರಲ್ಲಿ ನಾಟಕ ಇರ್ಲಿಲ್ಲ.

ಕೆನಡಾ ಕಡೆ ಬೇಕಾಗಿದ್ದು ಕೈಗಳು. ರೈತರ ಸ್ವಂತ ಮಕ್ಕಳು ದೊಡ್ಡವರಾದ ಮೇಲೆ ಪಶ್ಚಿಮದ ಹೊಸ ಜಮೀನಿಗೋ ಪಟ್ಟಣಕ್ಕೋ ಹೋಗಿಬಿಡ್ತಿದ್ರು, ಹಸು ಕರೆಯೋಕೆ, ಸೌದೆ ಒಡೆಯೋಕೆ, ಹೊಲದಲ್ಲಿ ಕಲ್ಲು ಆಯೋಕೆ ಆಳು ಸಿಗ್ತಿರ್ಲಿಲ್ಲ. ಅದಕ್ಕೇ ಒಂದು ಮಗುವಿಗೆ ಏಳೆಂಟು ಅರ್ಜಿ ಬರೋವಷ್ಟು ಬೇಡಿಕೆ ಇತ್ತು. ಮಗು ಬೇಕು ಅಂತ ಅರ್ಜಿ ಹಾಕಿದೋರಲ್ಲಿ ಮಕ್ಕಳಿಲ್ಲದ ದಂಪತಿಗಳೂ ಇದ್ರು, ಪ್ರೀತಿಯಿಂದ ಸಾಕಿದೋರೂ ಇದ್ರು, ಆದ್ರೆ ಹೆಚ್ಚಿನ ಅರ್ಜಿ ಬರ್ತಿದ್ದಿದ್ದು ಕೆಲಸಕ್ಕೆ.

ಈಗ ಅನಾಥರಾ ಅನ್ನೋ ಪ್ರಶ್ನೆ. ನನ್ನ ಪ್ರಕಾರ ಇಡೀ ಕತೇಲಿ ಎಲ್ಲಕ್ಕಿಂತ ನೋವಿನ ಭಾಗ ಇದೇ. ಬರ್ನಾರ್ಡೊ ಸಂಸ್ಥೇಲಿ ಕೆಲವು ತಾಯಂದಿರಿಗೆ ನಿಮ್ಮ ಮಗ ಇಂಥಾ ದಿನ ಹೊರಡ್ತಾನೆ ಅಂತ ಹಡಗು ಹೊರಡೋ ಮೊದಲೇ ಕಾಗದ ಹೋಗ್ತಿತ್ತು, ಬಂದು ಒಂದು ಸಲ ನೋಡಿ ಹೋಗಬಹುದಿತ್ತು. ಸಂಸ್ಥೆ ಕಣ್ಣಿಗೆ ಸರಿ ಇಲ್ಲ ಅನ್ನಿಸಿದ ತಾಯಂದಿರಿಗೆ ಕಾಗದ ಹೋಗ್ತಿದ್ದಿದ್ದು ಹಡಗು ಹೊರಟ ಮೇಲೆ. ಎರಡಕ್ಕೂ ಬೇರೆ ಬೇರೆ ಅಚ್ಚು ಹಾಕಿದ ಫಾರಂಗಳೇ ಇದ್ವು. ಸ್ವಲ್ಪ ಯೋಚನೆ ಮಾಡಿ, ಮಗು ಆಗಲೇ ಅಟ್ಲಾಂಟಿಕ್ ಮಧ್ಯದಲ್ಲಿದೆ, ತಾಯಿ ಕೈಗೆ ಕಾಗದ ಬಂದಿದೆ, ಅವಳು ಯಾರ ಹತ್ರ ಹೋಗ್ಬೇಕು? ಕೆಟ್ಟ ಮನೆಯಿಂದ ಮಗುವನ್ನ ಹೀಗೆ ತೆಗೆದುಕೊಂಡು ಹೋಗೋದನ್ನ ಬರ್ನಾರ್ಡೊ ಪರೋಪಕಾರಿ ಅಪಹರಣ ಅಂತ ತಾನೇ ಕರೆದ, ಮುಚ್ಚಿಡ್ಲೂ ಇಲ್ಲ. ಒಂದಿಬ್ಬರು ತಾಯಂದಿರು ಮಗು ವಾಪಸ್ ಬೇಕು ಅಂತ ಕೋರ್ಟ್ ಹತ್ತಿದ್ರು, ಗಾಸೇಜ್ ಮತ್ತೆ ರಾಡಿ ಅನ್ನೋ ಹೆಸರಿನ ಆ ಕೇಸುಗಳು ಆಗ ತುಂಬಾ ಸುದ್ದಿ ಮಾಡಿದ್ವು, ಬರ್ನಾರ್ಡೊ ಸೋತ. ಅದರ ಬೆನ್ನಲ್ಲೇ 1891ರಲ್ಲಿ ಬಂದ ಕಾನೂನನ್ನ ನೋಡಿದ್ರೆ ಬೇಜಾರಾಗುತ್ತೆ: ತಂದೆತಾಯಿ ಯೋಗ್ಯರಲ್ಲ ಅಂತ ಕೋರ್ಟಿಗೆ ಅನ್ನಿಸಿದ್ರೆ ಮಗುವನ್ನ ವಾಪಸ್ ಕೊಡೋಕೆ ನಿರಾಕರಿಸಬಹುದು ಅಂತಾಯ್ತು. ಜನ ಅದನ್ನ ಬರ್ನಾರ್ಡೊ ಕಾಯ್ದೆ ಅಂತಲೇ ಕರೆದ್ರು. ಮಗುವನ್ನ ಸೇರಿಸುವಾಗ್ಲೇ ಕೆನಡಾಗೆ ಕಳಿಸೋಕೆ ಒಪ್ಪಿಗೆ ಇದೆ ಅನ್ನೋ ಸಾಲು ಇರೋ ಪತ್ರಕ್ಕೆ ತಾಯಿಯಿಂದ ಸಹಿ ಹಾಕಿಸ್ಕೊಳ್ಳೋದು ರೂಢಿಯಾಯ್ತು. ಬೇರೆ ದಾರಿ ಇಲ್ಲದವಳು ಸಹಿ ಹಾಕದೆ ಇನ್ನೇನು ಮಾಡ್ತಾಳೆ ಹೇಳಿ.

ಅಜ್ಜಿಯ ಅಪ್ಪ 1911ರಲ್ಲಿ ಬಂದವರು ಅಂದ್ರೆ ಅವರ ಪ್ರಯಾಣ ಹೆಚ್ಚುಕಮ್ಮಿ ಹೀಗಿರುತ್ತೆ. ಲಂಡನ್‌ನ ಸ್ಟೆಪ್ನಿ ಕಾಸ್‌ವೇ ಆಫೀಸಲ್ಲಿ ಸೇರಿಸ್ಕೊಂಡ ದಿನ ಒಂದು ಫೋಟೊ, ಒಂದು ಫೈಲು. ಕೆನಡಾಗೆ ಅಂತ ಆರಿಸೋ ಮೊದಲು ಡಾಕ್ಟರ್ ಪರೀಕ್ಷೆ, ಗಟ್ಟಿಮುಟ್ಟಾಗಿರೋರನ್ನ ಮಾತ್ರ ಕಳಿಸ್ತಿದ್ರು. ಪ್ರತಿ ಮಗುವಿಗೂ ಒಂದು ಟ್ರಂಕ್, ಅದರೊಳಗೆ ಬೈಬಲ್, ಹೊಸ ಬಟ್ಟೆ, ಬೂಟ್ಸು. ಎಷ್ಟೋ ಮಕ್ಕಳಿಗೆ ಜೀವನದಲ್ಲಿ ನನ್ನದು ಅಂತ ಸಿಕ್ಕ ಮೊದಲ ವಸ್ತು ಆ ಟ್ರಂಕೇ, ಇವತ್ತಿಗೂ ಒಂಟಾರಿಯೊದ ಕೆಲವು ಮನೆಗಳ ಅಟ್ಟದಲ್ಲಿ ಅವು ಸಿಗ್ತವೆ. ಅಜ್ಜಿ ಮನೇಲೂ ಇದೆಯಾ ಕೇಳಿ. ಹಡಗಿಳಿದ ಮೇಲೆ ರೈಲು, ಹುಡುಗರು ಟೊರಾಂಟೊಗೆ, ಹುಡುಗಿಯರು ಪೀಟರ್‌ಬರೋದ ಹೇಜಲ್‌ಬ್ರೇ ಅನ್ನೋ ಮನೆಗೆ. ಅಲ್ಲಿಂದ ಒಬ್ಬೊಬ್ಬರನ್ನೇ ಹಳ್ಳಿ ಸ್ಟೇಷನ್‌ಗಳಿಗೆ ಕಳಿಸೋರು. ಪ್ಲಾಟ್‌ಫಾರ್ಮ್‌ನಲ್ಲಿ ಟ್ರಂಕ್ ಪಕ್ಕ ನಿಂತ್ಕೊಂಡು, ಮುಖವೇ ನೋಡದ ರೈತನ ಗಾಡಿಗೆ ಕಾಯೋದು. ಅಣ್ಣ ತಮ್ಮ, ಅಕ್ಕ ತಂಗಿ ಒಟ್ಟಿಗೆ ಬಂದಿದ್ರೂ ಒಂದೇ ಮನೆಗೆ ಹೋಗೋದು ಅಪರೂಪ.

ಕರಾರಿನ ಲೆಕ್ಕ ವಯಸ್ಸಿನ ಮೇಲೆ ಇರ್ತಿತ್ತು. ತೀರಾ ಚಿಕ್ಕವರಾದ್ರೆ ಸಂಸ್ಥೆಯೇ ಆ ಮನೆಯವರಿಗೆ ತಿಂಗಳಿಗಿಷ್ಟು ಅಂತ ದುಡ್ಡು ಕೊಟ್ಟು ಸಾಕೋಕೆ ಬಿಡ್ತಿತ್ತು. ಹನ್ನೊಂದು ಹನ್ನೆರಡಾದ ಮೇಲೆ ದುಡ್ಡು ನಿಲ್ಲುತ್ತೆ, ಮಗು ಕೆಲಸ ಮಾಡಿ ತನ್ನ ಊಟ ಬಟ್ಟೆ ತಾನೇ ದುಡ್ಕೋಬೇಕು, ಮನೆಯವರು ಸ್ಕೂಲಿಗೆ ಕಳಿಸ್ಬೇಕು. ಹದಿನಾಲ್ಕರಿಂದ ಹದಿನೆಂಟರವರೆಗೆ ಕೂಲಿ, ಅದೂ ಹುಡುಗನ ಕೈಗೆ ಬರಲ್ಲ, ಸಂಸ್ಥೆ ಮೂಲಕ ಬ್ಯಾಂಕಿಗೆ ಹೋಗುತ್ತೆ, ಕರಾರು ಮುಗಿದ ಮೇಲೆ ಸಿಗುತ್ತೆ. ಇದು ಜೀತಾನಾ ಅಂತ ಕೇಳಿದ್ರಿ. ನಮ್ಮ ಕಡೆ ಜೀತ ಅಂದ್ರೆ ಅಪ್ಪ ಮಾಡಿದ ಸಾಲಕ್ಕೆ ಮಗ ದುಡಿಯೋದು, ಅದಕ್ಕೆ ಕೊನೆ ಅನ್ನೋದಿಲ್ಲ. ಇಲ್ಲಿ ಸಾಲ ಇರ್ಲಿಲ್ಲ, ಹದಿನೆಂಟಾದ ಮೇಲೆ ಹುಡುಗ ಸ್ವತಂತ್ರ, ಹಾಗಾಗಿ ಆ ಹೆಸರು ಪೂರ್ತಿ ಹೊಂದಲ್ಲ. ಆದ್ರೆ ಕರಾರು ಮಾಡ್ಕೊಂಡೋರು ಸಂಸ್ಥೆ ಮತ್ತೆ ರೈತ, ದುಡಿಯೋ ಮಗುವನ್ನ ಯಾರೂ ಒಂದು ಮಾತು ಕೇಳ್ಲಿಲ್ಲ, ಬಿಟ್ಟು ಹೋಗೋಕೆ ಅದಕ್ಕೆ ದಾರಿಯೂ ಇರ್ಲಿಲ್ಲ.

ದತ್ತು ವಿಷಯದಲ್ಲಿ ಕಾನೂನು ನೋಡಿದ್ರೂ ಉತ್ತರ ಸಿಗುತ್ತೆ. ಒಂಟಾರಿಯೊದಲ್ಲಿ ದತ್ತು ಕಾಯ್ದೆ ಬಂದಿದ್ದೇ 1921ರಲ್ಲಿ, ಇಂಗ್ಲೆಂಡ್‌ನಲ್ಲಿ 1926ರಲ್ಲಿ. ಅದಕ್ಕೂ ಎಷ್ಟೋ ಮುಂಚೆ, 1874ರಲ್ಲಿ, ಬ್ರಿಟಿಷ್ ಸರ್ಕಾರ ಆಂಡ್ರ್ಯೂ ಡಾಯ್ಲ್ ಅನ್ನೋ ಹಿರಿಯ ಇನ್‌ಸ್ಪೆಕ್ಟರ್‌ನ ಕೆನಡಾಗೆ ಕಳಿಸ್ತು. ಆತ ಮನೆಮನೆಗೆ ಹೋಗಿ ನೂರಾರು ಮಕ್ಕಳನ್ನ ಕಂಡು ಮಾತಾಡಿಸಿದ. ದತ್ತು ಅಂದ್ರೇನಮ್ಮ ಅಂತ ಒಬ್ಬ ಹುಡುಗಿನ ಕೇಳಿದಾಗ ಅವಳು, ಜನ ಸಂಬಳ ಕೊಡ್ದೆ ಕೆಲಸಕ್ಕೆ ಹುಡುಗಿ ಇಟ್ಕೊಳ್ಳೋದು ಸಾರ್ ಅಂದ್ಲಂತೆ, ಅದನ್ನ ಹಾಗೇ ವರದೀಲಿ ಬರ್ದ. 1875ರಲ್ಲಿ ಆ ವರದಿ ಬಂತು. ಮಕ್ಕಳನ್ನ ಕೊಟ್ಟ ಮೇಲೆ ಯಾರೂ ಹೋಗಿ ನೋಡ್ತಿಲ್ಲ, ಎಷ್ಟೋ ಮಕ್ಕಳು ಎಲ್ಲಿದಾರೆ ಅಂತ ಸಂಸ್ಥೆಗೇ ಗೊತ್ತಿಲ್ಲ ಅಂತ ಆತ ಸ್ಪಷ್ಟವಾಗಿ ಹೇಳಿದ. ವರದಿಯ ಪರಿಣಾಮ ವರ್ಕ್‌ಹೌಸ್ ಮಕ್ಕಳನ್ನ ಕಳ್ಸೋದು 1883ರವರೆಗೆ ನಿಂತಿತ್ತು, ಖಾಸಗಿ ಸಂಸ್ಥೆಗಳು ಮಾತ್ರ ಎಂದಿನಂತೆ ಕಳಿಸ್ತಾನೇ ಇದ್ವು. ಅಷ್ಟು ಮುಂಚೆಯೇ ಎಲ್ಲಾ ಗೊತ್ತಿತ್ತು ಅನ್ನೋದು ನನ್ನನ್ನ ಈಗ್ಲೂ ಕಾಡುತ್ತೆ, ಯಾಕಂದ್ರೆ ಆಮೇಲೆ ಐವತ್ತು ವರ್ಷ ಇದು ನಡೀತು, ಬಂದ ಮಕ್ಕಳಲ್ಲಿ ಬಹುಪಾಲು ಡಾಯ್ಲ್ ವರದಿ ಆದ ಮೇಲೆ ಬಂದವರೇ.

ಫಾರ್ಮ್ ಜೀವನ ಒಂದೊಂದು ಮನೇಲಿ ಒಂದೊಂದು ಥರ. ಕೆಲವರಿಗೆ ಜಮೀನು ಬರೆದುಕೊಟ್ಟು ಮಗನ ಹಾಗೆ ನೋಡ್ಕೊಂಡೋರಿದಾರೆ, ಆ ಮನೆಯ ಸಮಾಧಿ ಜಾಗದಲ್ಲೇ ಹೋಮ್ ಹುಡುಗನನ್ನೂ ಮಣ್ಣು ಮಾಡಿರೋದಿದೆ. ಇನ್ನು ಕೆಲವರ ಕತೆ ಕೇಳೋಕಾಗಲ್ಲ. ಮನೆಯವರು ಊಟ ಮಾಡಿದ ಮೇಲೆ ಬೇರೆ ಕೂತು ಉಣ್ಣೋದು, ಚಳಿಗಾಲದಲ್ಲಿ ಹೊಲದ ಕೆಲಸ ಇಲ್ದಾಗ ಮಾತ್ರ ಸ್ಕೂಲು, ಹಾಸಿಗೆ ಒದ್ದೆ ಮಾಡ್ದ ಅಂತ ವಾಪಸ್ ಕಳಿಸಿರೋ ಪತ್ರಗಳು ಎಷ್ಟೋ ಇವೆ, ಮನೆ ಬಿಟ್ಟು ಬಂದ ಮಗು ರಾತ್ರಿ ಹಾಸಿಗೆ ಒದ್ದೆ ಮಾಡ್ಕೊಳ್ಳೋದು ಯಾಕೆ ಅಂತ ಅವತ್ತು ಯಾರೂ ಯೋಚಿಸ್ಲಿಲ್ಲ. ಹುಡುಗಿಯರ ಮೇಲೆ ಆ ಮನೆ ಗಂಡಸರ ಕೈ ಬಿದ್ದ ಪ್ರಕರಣಗಳೂ ಇವೆ, ಗರ್ಭಿಣಿ ಆದ್ರೆ ತಪ್ಪು ಹುಡುಗಿಯದೇ. ಮೂರ್ನಾಲ್ಕು ಮನೆ ಬದಲಾಯಿಸಿದ ಮಕ್ಕಳು ತುಂಬಾ ಜನ. ಇನ್‌ಸ್ಪೆಕ್ಟರ್ ಬರ್ತಿದ್ದಿದ್ದು ವರ್ಷಕ್ಕೆ ಒಂದು ಸಲವೋ ಏನೋ, ಬಂದ್ರೂ ಯಜಮಾನ ಯಜಮಾನಿ ಎದುರಲ್ಲೇ ಚೆನ್ನಾಗಿದೀಯಾ ಅಂತ ಕೇಳ್ತಿದ್ರು, ಆತ ಗಾಡಿ ಹತ್ತಿ ಹೋದ ಮೇಲೆ ಮತ್ತೆ ಅದೇ ಮನೇಲಿ ಇರ್ಬೇಕಾದ ಮಗು ಏನಂತ ಹೇಳೀತು?

ಒಂದು ಪ್ರಕರಣ ಹೇಳ್ಲೇಬೇಕು. 1895ರಲ್ಲಿ ಜಾರ್ಜ್ ಗ್ರೀನ್ ಅನ್ನೋ ಬರ್ನಾರ್ಡೊ ಹುಡುಗ ಒಂಟಾರಿಯೊದ ಓವನ್ ಸೌಂಡ್ ಹತ್ರ ಒಂದು ಫಾರ್ಮ್‌ಗೆ ಹೋದ. ಹದಿನೈದರ ಆಸುಪಾಸು ವಯಸ್ಸು, ಕಣ್ಣು ಸರಿಯಾಗಿ ಕಾಣ್ತಿರ್ಲಿಲ್ಲ. ಆ ಫಾರ್ಮ್ ನಡೆಸ್ತಿದ್ದೋಳು ಒಬ್ಬ ಹೆಂಗಸು. ಅದೇ ವರ್ಷ ನವೆಂಬರಿನಲ್ಲಿ ಹುಡುಗ ಸತ್ತ, ಮೈ ಮೇಲೆ ಏಟಿನ ಗುರುತು, ಕೈಕಾಲು ಕೊಳೆತು ಗ್ಯಾಂಗ್ರೀನ್ ಆಗಿತ್ತು, ಹೊಟ್ಟೆಗಿಲ್ಲದೆ ಸೊರಗಿದ್ದ. ಅವಳು ಹೊಡೀತಿದ್ದಿದ್ದನ್ನ ನೋಡಿದೀವಿ ಅಂತ ಅಕ್ಕಪಕ್ಕದೋರು ಕೋರ್ಟಲ್ಲಿ ಸಾಕ್ಷಿ ಹೇಳಿದ್ರು. ಅವಳ ಪರ ವಕೀಲರು ವಾದ ಮಾಡಿದ್ದು ಹುಡುಗನ ದೇಹವೇ ರೋಗಿಷ್ಠ, ಇಂಥೋರನ್ನ ಇಂಗ್ಲೆಂಡ್‌ನೋರು ಇಲ್ಲಿಗೆ ಕಳಿಸಿದ್ದೇ ತಪ್ಪು ಅಂತ. ಜ್ಯೂರಿ ಒಮ್ಮತಕ್ಕೆ ಬರ್ಲಿಲ್ಲ, ಅವಳಿಗೆ ಶಿಕ್ಷೆ ಆಗ್ಲಿಲ್ಲ. ಪತ್ರಿಕೆಗಳಲ್ಲಿ ದೊಡ್ಡ ಗಲಾಟೆ ಆಯ್ತು, ಆದ್ರೆ ಆ ಗಲಾಟೇಲಿ ಮಗುವಿನ ಪರ ಇದ್ದೋರಿಗಿಂತ ಜಾಸ್ತಿ ಇಂಗ್ಲೆಂಡ್‌ನ ಕಸ ನಮಗೆ ಬೇಡ ಅನ್ನೋರೇ ಇದ್ರು. ಈ ಮಕ್ಕಳ ರಕ್ತದಲ್ಲೇ ಕೆಟ್ಟತನ ಇದೆ ಅಂತ ಆಗಿನ ಡಾಕ್ಟರುಗಳೂ ಬರೀತಿದ್ರು, ಕೂಲಿ ಕಮ್ಮಿಯಾಗುತ್ತೆ ಅಂತ ಕಾರ್ಮಿಕ ಸಂಘದೋರೂ ವಿರೋಧ ಮಾಡ್ತಿದ್ರು. 1897ರಲ್ಲಿ ಒಂಟಾರಿಯೊ ಒಂದು ಕಾಯ್ದೆ ತಂದು ಸಂಸ್ಥೆಗಳಿಗೆ ಲೈಸೆನ್ಸು, ದಾಖಲೆ, ತಪಾಸಣೆ ಅಂತೆಲ್ಲ ಮಾಡ್ತು. ಹೋಮ್ ಬಾಯ್ ಅನ್ನೋದು ಊರಲ್ಲಿ ಬೈಗುಳ ಆಗಿಯೇ ಉಳೀತು. ನಿಮ್ಮ ಅಜ್ಜಿಯ ಅಪ್ಪ ಬಾಯಿ ಬಿಡದೇ ಇದ್ದಿದ್ದಕ್ಕೆ ಇದೂ ಒಂದು ಕಾರಣ ಇರಬಹುದು, ಆ ಪೀಳಿಗೆಯ ಎಷ್ಟೋ ಜನ ಹೆಂಡತಿಗೂ ಹೇಳದೆ ಹೋಗಿದಾರೆ.

ನಿಂತಿದ್ದು ಹೇಗೆ ಅಂದ್ರೆ, 1923ರ ಕೊನೆ 1924ರ ಶುರುವಿನಲ್ಲಿ ಫಾರ್ಮ್‌ಗಳಲ್ಲಿ ಹುಡುಗರು ಆತ್ಮಹತ್ಯೆ ಮಾಡ್ಕೊಂಡಿದ್ದು ಸುದ್ದಿಯಾಯ್ತು. ಬ್ರಿಟನ್‌ನಲ್ಲಿ ಆಗ ಲೇಬರ್ ಸರ್ಕಾರ. ಆ ಪಕ್ಷದ ಸಂಸದೆ ಮಾರ್ಗರೆಟ್ ಬಾಂಡ್‌ಫೀಲ್ಡ್ ನೇತೃತ್ವದಲ್ಲಿ ಒಂದು ತಂಡ ಕೆನಡಾಗೆ ಬಂದು ನೋಡಿ, ಸ್ಕೂಲು ಮುಗಿಸೋ ವಯಸ್ಸಾಗದ ಮಕ್ಕಳನ್ನ ಕಳಿಸಬೇಡಿ, ಇವರನ್ನ ತರಿಸ್ಕೊಳ್ತಿರೋದು ದುಡಿಮೆಗೆ ಅಂತ ವರದಿ ಕೊಡ್ತು. 1925ರಿಂದ ಹದಿನಾಲ್ಕು ವರ್ಷದೊಳಗಿನ ಮಕ್ಕಳು ತಂದೆತಾಯಿ ಇಲ್ಲದೆ ಬರೋದಕ್ಕೆ ಕೆನಡಾ ತಡೆ ಹಾಕ್ತು. ಆಮೇಲೆ ಬಂದ ಆರ್ಥಿಕ ಕುಸಿತ ಉಳಿದದ್ದನ್ನ ನಿಲ್ಲಿಸ್ತು.

ಕೆನಡಾ ನಿಲ್ಲಿಸಿದ್ರೂ ಮಕ್ಕಳನ್ನ ಕಳ್ಸೋದು ನಿಲ್ಲಲಿಲ್ಲ, ಆಸ್ಟ್ರೇಲಿಯಾ ಕಡೆ ತಿರುಗ್ತು. ಅಲ್ಲಿ ರೈತರ ಮನೆಗಿಂತ ಹೆಚ್ಚಾಗಿ ದೊಡ್ಡ ಸಂಸ್ಥೆಗಳಲ್ಲಿ ಇಡ್ತಿದ್ರು, 1912ರಲ್ಲಿ ಪಶ್ಚಿಮ ಆಸ್ಟ್ರೇಲಿಯಾದ ಪಿಂಜಾರಾದಲ್ಲಿ ಶುರುವಾದ ಫೇರ್‌ಬ್ರಿಡ್ಜ್ ಫಾರ್ಮ್ ಶಾಲೆ, ಬಿಂಡೂನ್, ಕ್ಲಾಂಟಾರ್ಫ್ ಥರದ, ಕ್ರಿಶ್ಚಿಯನ್ ಬ್ರದರ್ಸ್ ಅನ್ನೋ ಕ್ಯಾಥೊಲಿಕ್ ಸಂಘ ನಡೆಸ್ತಿದ್ದ ಜಾಗಗಳು. ಎರಡನೇ ಮಹಾಯುದ್ಧ ಆದ ಮೇಲೂ ಸಾವಿರಾರು ಮಕ್ಕಳು ಹೋದ್ರು, ಎಷ್ಟೋ ಮಕ್ಕಳಿಗೆ ನಿಮ್ಮಮ್ಮ ಸತ್ತುಹೋದ್ಲು ಅಂತ ಸುಳ್ಳು ಹೇಳಿದ್ರು. ಬಿಳಿಯರ ಸಂಖ್ಯೆ ಹೆಚ್ಚಿಸ್ಕೊಳ್ಳದಿದ್ರೆ ಏಷ್ಯಾದ ಜನ ಬಂದು ತುಂಬ್ಕೋತಾರೆ ಅನ್ನೋ ಭಯ ಆಗಿನ ಆಸ್ಟ್ರೇಲಿಯಾದಲ್ಲಿ ಬಹಿರಂಗವಾಗಿಯೇ ಇತ್ತು, ಬ್ರಿಟಿಷ್ ಮಕ್ಕಳು ಅದಕ್ಕೂ ಬೇಕಾಗಿದ್ರು. ಇದು ಹೊರಬಿದ್ದಿದ್ದು 1986ರಲ್ಲಿ, ನಾಟಿಂಗ್‌ಹ್ಯಾಮ್‌ನ ಸಮಾಜ ಕಾರ್ಯಕರ್ತೆ ಮಾರ್ಗರೆಟ್ ಹಂಫ್ರೀಸ್‌ಗೆ ಆಸ್ಟ್ರೇಲಿಯಾದಿಂದ ಒಬ್ಬ ಹೆಂಗಸಿನ ಪತ್ರ ಬಂದ ಮೇಲೆ. ಆಕೆ ಮಾರನೇ ವರ್ಷ ಚೈಲ್ಡ್ ಮೈಗ್ರಂಟ್ಸ್ ಟ್ರಸ್ಟ್ ಕಟ್ಟಿ, ಮುದುಕರಾಗಿದ್ದ ಮಕ್ಕಳಿಗೆ ಇನ್ನೂ ಬದುಕಿದ್ದ ತಾಯಂದಿರನ್ನ ಹುಡುಕಿಕೊಟ್ರು.

ಭಾರತಕ್ಕೂ ಒಂದು ನಂಟಿದೆ, ಹೇಳದೆ ಬಿಡೋಕೆ ಮನಸ್ಸಿಲ್ಲ. ಕಾಲಿಂಪಾಂಗ್‌ನಲ್ಲಿ ಜಾನ್ ಆಂಡರ್ಸನ್ ಗ್ರಹಾಂ ಅನ್ನೋ ಸ್ಕಾಟಿಷ್ ಮಿಶನರಿ 1900ರಲ್ಲಿ ಒಂದು ವಸತಿ ಶಾಲೆ ಕಟ್ಟಿದ. ಅಸ್ಸಾಂ, ಡಾರ್ಜಿಲಿಂಗ್ ಕಡೆಯ ಬ್ರಿಟಿಷ್ ಟೀ ತೋಟದವರಿಗೆ ಅಲ್ಲಿನ ಹೆಂಗಸರಲ್ಲಿ ಹುಟ್ಟಿದ ಮಕ್ಕಳು ಅಲ್ಲಿಗೆ ಬರ್ತಿದ್ರು. 1908ರಿಂದ 1938ರವರೆಗೆ ಅವರಲ್ಲಿ ಸುಮಾರು 130 ಜನರನ್ನ ನ್ಯೂಜಿಲೆಂಡ್‌ಗೆ ಕಳಿಸಿದ್ರು, ಹುಡುಗರು ಫಾರ್ಮ್ ಕೆಲಸಕ್ಕೆ, ಹುಡುಗಿಯರು ಮನೆಗೆಲಸಕ್ಕೆ. ಇವರ ಕುಟುಂಬಗಳಲ್ಲೂ ತೋಟದಲ್ಲೇ ಉಳಿದ ತಾಯಿಯ ಹೆಸರು ಕೂಡ ಮಕ್ಕಳು ಮೊಮ್ಮಕ್ಕಳ ಬಾಯಲ್ಲಿ ಉಳೀಲಿಲ್ಲ, ಆ ಕುಟುಂಬಗಳು ಈಗೀಗ ಕಾಲಿಂಪಾಂಗ್‌ಗೆ ಬಂದು ಫೈಲು ನೋಡ್ತಿದಾರೆ.

ಆಸ್ಟ್ರೇಲಿಯಾ ಸರ್ಕಾರ 2009ರಲ್ಲಿ, ಬ್ರಿಟನ್ 2010ರಲ್ಲಿ ಕ್ಷಮೆ ಕೇಳ್ತು, 2018ರ ತನಿಖಾ ವರದಿ ಆದ ಮೇಲೆ ಬದುಕಿರೋ ಒಬ್ಬೊಬ್ಬರಿಗೆ ಬ್ರಿಟನ್ 20,000 ಪೌಂಡ್ ಕೊಡೋಕೆ ಒಪ್ತು. ಕೆನಡಾದಲ್ಲಿ 2009ರಲ್ಲಿ ವಲಸೆ ಸಚಿವರು ಕ್ಷಮೆಯ ಅಗತ್ಯ ಇಲ್ಲ ಅಂದಿದ್ರು, 2010ನ್ನ ಹೋಮ್ ಚೈಲ್ಡ್ ವರ್ಷ ಅಂತ ಮಾಡಿ ಒಂದು ಸ್ಟ್ಯಾಂಪ್ ತಂದ್ರು, 2017ರಲ್ಲಿ ಹೌಸ್ ಆಫ್ ಕಾಮನ್ಸ್ ಕ್ಷಮೆಯ ನಿರ್ಣಯವನ್ನ ಸರ್ವಾನುಮತದಿಂದ ಪಾಸ್ ಮಾಡ್ತು. ಸೆಪ್ಟೆಂಬರ್ 28 ಈಗ ಅವರ ನೆನಪಿನ ದಿನ.

ಒಟ್ಟಾರೆ ಒಳ್ಳೇದಾಯ್ತಾ ಕೆಟ್ಟದ್ದಾಯ್ತಾ ಅಂತ ಈ ವಿಷಯ ಬಂದಾಗೆಲ್ಲ ಜನ ಕೇಳ್ತಾರೆ, ಲಂಡನ್ ಬೀದೀಲಿ ಸಾಯೋದಕ್ಕಿಂತ ಫಾರ್ಮ್ ಮೇಲಲ್ವಾ ಅಂತ. ಕೆಲವರಿಗೆ ಖಂಡಿತ ಮೇಲಾಯ್ತು. ಆದ್ರೆ ಆ ತಾಯಿಗೆ ವಾರಕ್ಕೆ ಕೆಲವು ಶಿಲಿಂಗ್ ಕೊಟ್ಟಿದ್ರೆ ಮಗು ಅವಳ ಹತ್ರವೇ ಬೆಳೀತಿತ್ತು, ಆ ದಾರಿಯನ್ನ ಅವರು ಲೆಕ್ಕಕ್ಕೇ ತಗೊಳ್ಳಲಿಲ್ಲ, ಬಡ ತಾಯಿ ಅಂದ್ರೆ ಕೆಟ್ಟ ತಾಯಿ ಅಂತಲೇ ಅವರ ತಲೇಲಿತ್ತು. ಮಗು ಒಳ್ಳೇ ಮನೆ ಸೇರುತ್ತಾ ಕೆಟ್ಟ ಮನೆ ಸೇರುತ್ತಾ ಅನ್ನೋದನ್ನ ಅದೃಷ್ಟಕ್ಕೆ ಬಿಟ್ಟು, ಹೋಗಿ ನೋಡೋಕೆ ಸಾಕಷ್ಟು ಜನರನ್ನ ಇಡದೆ ಇದ್ದಿದ್ದಕ್ಕೆ ಒಳ್ಳೇ ಉದ್ದೇಶ ಅನ್ನೋದು ಸಮಜಾಯಿಷಿ ಆಗಲ್ಲ ಅನ್ನೋದು ನನ್ನ ಖಚಿತ ಅಭಿಪ್ರಾಯ.

ಈಗ ಅಜ್ಜಿಗೆ ಏನು ಮಾಡಬಹುದು. ಮೊದಲು ಅವರಪ್ಪನ ಪೂರ್ತಿ ಹೆಸರು, ಹುಟ್ಟಿದ ವರ್ಷ, ಯಾವ ಊರಿನ ಫಾರ್ಮು ಅಂತ ಗೊತ್ತಿದ್ರೆ ಅದು, ಇಷ್ಟು ಬರೆದಿಟ್ಕೊಳ್ಳಿ. ಲೈಬ್ರರಿ ಆಂಡ್ ಆರ್ಕೈವ್ಸ್ ಕೆನಡಾದ ವೆಬ್‌ಸೈಟಲ್ಲಿ ಹೋಮ್ ಚಿಲ್ಡ್ರನ್ ಡೇಟಾಬೇಸ್ ಇದೆ, ಉಚಿತ. ಅಲ್ಲಿ ಹಡಗಿನ ಹೆಸರು, ಇಳಿದ ಬಂದರು, ವಯಸ್ಸು ಸಿಗುತ್ತೆ. ಹೆಸರಿನ ಸ್ಪೆಲಿಂಗ್ ಒಂದೆರಡು ಥರ ಹಾಕಿ ನೋಡಿ, ವಯಸ್ಸಲ್ಲೂ ಒಂದೆರಡು ವರ್ಷ ಹೆಚ್ಚುಕಮ್ಮಿ ಇರುತ್ತೆ. ಅದೇ ಪಟ್ಟೀಲಿ ಅದೇ ಸರ್‌ನೇಮ್ ಇರೋ ಬೇರೆ ಮಕ್ಕಳಿದಾರಾ, ಅದೇ ವರ್ಷ ಅಥವಾ ಮುಂದಿನ ವರ್ಷ, ಅದನ್ನೂ ನೋಡಿ, ಅಣ್ಣನೋ ತಂಗಿಯೋ ಸಿಕ್ಕಿಬಿಡಬಹುದು. ಆಮೇಲೆ ಕೆನಡಾದ 1911, 1921ರ ಸೆನ್ಸಸ್. ಯಜಮಾನನ ಹೆಸರಿನ ಕೆಳಗೆ ಬೇರೆ ಸರ್‌ನೇಮ್ ಇರೋ ಹುಡುಗ, ಹುಟ್ಟಿದ ದೇಶ ಇಂಗ್ಲೆಂಡ್, ಸಂಬಂಧದ ಕಾಲಂನಲ್ಲಿ ಆಳು ಅಂತಲೋ ಮನೆಗೆಲಸದವನು ಅಂತಲೋ ಇರುತ್ತೆ.

ಮೊದಲ ಮಹಾಯುದ್ಧದಲ್ಲಿ ಸುಮಾರು 10,000 ಹೋಮ್ ಹುಡುಗರು ಕೆನಡಾ ಸೈನ್ಯ ಸೇರಿದ್ರು, ಅವರಲ್ಲಿ ಒಂಟಾರಿಯೊದ ಲ್ಯಾಂಕಾಸ್ಟರ್ ಕಡೆ ಬೆಳೆದ ಕ್ಲಾಡ್ ನನ್ನಿ ಅನ್ನೋನಿಗೆ ಅತಿ ದೊಡ್ಡ ಶೌರ್ಯ ಪದಕವಾದ ವಿಕ್ಟೋರಿಯಾ ಕ್ರಾಸ್ ಬಂತು, ಆದ್ರೆ ಯುದ್ಧದಿಂದ ಬದುಕಿ ಬರ್ಲಿಲ್ಲ. ಇಂಗ್ಲೆಂಡ್‌ಗೆ ಪುಕ್ಕಟೆ ಹೋಗಿ ಅಮ್ಮನ್ನ ಹುಡುಕಬಹುದು ಅಂತ ಸೇರಿದೋರೂ ಇದ್ರು. ಅಜ್ಜಿಯ ಅಪ್ಪ 1901ರ ಆಸುಪಾಸು ಹುಟ್ಟಿದವರು, ವಯಸ್ಸು ಸುಳ್ಳು ಹೇಳಿ ಸೇರಿದ್ರೂ ಆಶ್ಚರ್ಯ ಇಲ್ಲ. ಆ ಸೈನಿಕರ ಫೈಲುಗಳೆಲ್ಲ ಸ್ಕ್ಯಾನ್ ಆಗಿ ಅದೇ ವೆಬ್‌ಸೈಟಲ್ಲಿವೆ. ಹತ್ತಿರದ ಸಂಬಂಧಿಕರು ಯಾರು ಅನ್ನೋ ಜಾಗ ಮೊದಲು ನೋಡಿ, ತಾಯಿಯ ಹೆಸರು ವಿಳಾಸ ಎಷ್ಟೋ ಜನಕ್ಕೆ ಸಿಕ್ಕಿರೋದು ಅಲ್ಲೇ.

ತಾಯಿ ಹೆಸರು ಸಿಕ್ರೆ ಇಂಗ್ಲೆಂಡ್‌ನ 1911ರ ಸೆನ್ಸಸ್ ಬಿಡಬೇಡಿ. ಅದರಲ್ಲಿ ಮದುವೆಯಾದ ಹೆಂಗಸರಿಗೆ ಎಷ್ಟು ಮಕ್ಕಳು ಹುಟ್ಟಿದ್ವು, ಎಷ್ಟು ಬದುಕಿದಾವೆ, ಎಷ್ಟು ಸತ್ತಿದಾವೆ ಅಂತ ಕೇಳಿದ್ರು. ಮನೇಲಿ ಇಬ್ಬರೇ ಮಕ್ಕಳ ಹೆಸರಿದ್ದು ಬದುಕಿರೋದು ನಾಲ್ಕು ಅಂತ ಬರೆಸಿರೋ ಹಾಳೆಗಳಿವೆ. ಅಂಥಾ ಹಾಳೆ ಸಿಕ್ಕಿದ್ರೆ ಅಜ್ಜಿಗೆ ತೋರಿಸಿ, ದೂರ ಇರೋ ಮಕ್ಕಳನ್ನೂ ತಾಯಿ ಲೆಕ್ಕದಿಂದ ಬಿಟ್ಟಿರ್ಲಿಲ್ಲ ಅನ್ನೋದು ಅವರಿಗೆ ಗೊತ್ತಾಗ್ಲಿ.

ಎಲ್ಲಕ್ಕಿಂತ ಮುಖ್ಯ ಬರ್ನಾರ್ಡೊ ಸಂಸ್ಥೆಯ ಫೈಲು. ಸಂಸ್ಥೆ ಈಗ್ಲೂ ಇದೆ, ಕುಟುಂಬ ಇತಿಹಾಸ ವಿಭಾಗ ಅಂತಲೇ ಇಟ್ಟಿದಾರೆ, ಅರ್ಜಿ ಹಾಕಿ ಶುಲ್ಕ ಕಟ್ಟಿದ್ರೆ ಇರೋ ದಾಖಲೆಗಳ ಪ್ರತಿ ಕೊಡ್ತಾರೆ, ಸೇರಿಸ್ಕೊಂಡ ದಿನದ ಫೋಟೊ ಇದ್ರೆ ಅದೂ ಬರುತ್ತೆ. ಅರ್ಜಿ ಮಗಳ ಹೆಸರಲ್ಲೇ ಹೋಗ್ಲಿ, ನೀವು ಟೈಪ್ ಮಾಡಿಕೊಡಿ, ಅವರು ಸಹಿ ಹಾಕ್ಲಿ, ಅಪ್ಪನ ಮರಣ ಪ್ರಮಾಣಪತ್ರ ಮತ್ತೆ ಅಜ್ಜಿಯ ಜನನ ಪ್ರಮಾಣಪತ್ರ ಹುಡುಕಿ ರೆಡಿ ಇಟ್ಕೊಳ್ಳಿ. ಉತ್ತರ ಬರೋಕೆ ಸಮಯ ಹಿಡಿಯುತ್ತೆ, ಅವರ ವಯಸ್ಸು ನೋಡಿದ್ರೆ ಬೇರೆ ಹುಡುಕಾಟ ಮುಗಿಯೋವರೆಗೆ ಕಾಯದೆ ಈ ಅರ್ಜಿ ಮೊದಲು ಹಾಕಿಬಿಡಿ.

ಫೈಲು ಬಂದ ದಿನ ಅಜ್ಜಿ ಒಬ್ಬರೇ ಕೂತು ಓದೋ ಹಾಗೆ ಬಿಡಬೇಡಿ, ಜೊತೇಲಿರಿ. ಸೇರಿಸ್ಕೊಳ್ಳುವಾಗ ಬರೆದ ಟಿಪ್ಪಣೀಲಿ ತಾಯಿ ಬಗ್ಗೆ ಕುಡೀತಾಳೆ, ನಡತೆ ಸರಿ ಇಲ್ಲ, ಸೋಮಾರಿ ಅಂತೆಲ್ಲ ಇರೋದು ಸಾಮಾನ್ಯ. ಮಗುವನ್ನ ತಗೊಂಡಿದ್ದು ಸರಿ ಅಂತ ತೋರಿಸಬೇಕಾದೋರು ಬರೆದ ಮಾತು ಅದು, ಅವಳ ಬಾಯಿಂದ ಬಂದ ಮಾತು ಆ ಹಾಳೇಲಿ ಒಂದೂ ಇರಲ್ಲ, ಇದನ್ನ ಓದೋಕೆ ಮುಂಚೆಯೇ ಅಜ್ಜಿಗೆ ಹೇಳಿ. ಅದರ ಜೊತೆ ತಾಯಿ ಬರೆದ ಪತ್ರಗಳ ನಕಲೋ, ಮಗ ಹೇಗಿದಾನೆ ಅಂತ ಕೇಳಿ ಬಂದಿದ್ದ ಕಾಗದದ ಉಲ್ಲೇಖವೋ ಇದ್ರೂ ಇರಬಹುದು, ಫೈಲಿನ ಹಿಂದಿನ ಪುಟಗಳನ್ನೂ ಬಿಡದೆ ನೋಡಿ. ಹಡಗಿನ ಹೆಸರು ಸಿಕ್ಕಿದ ಮೇಲೆ ಇನ್ನೊಂದು ಸಲ ಬರೀರಿ, ಆ ಗುಂಪಿನ ಮಕ್ಕಳು ಯಾವ ಯಾವ ಕಡೆ ಹೋದ್ರು ಅಂತ ಹುಡುಕೋಕೆ ನಾನೂ ಕೈ ಜೋಡಿಸ್ತೀನಿ.